ರೇಡಿಯೋ ಇಂಟರ್ನ್‌ಶಿಪ್: ಎರಡು ವಾರ ಆಯ್ತು, ಇನ್ನೂ ಮೈಕ್ ಮುಂದೆ ಕೂತಿಲ್ಲ. ನಾನು ಏನಾದರೂ ಕಲಿಯುತ್ತಿದ್ದೇನಾ?

ಶಿರಾ_ಸೀಮೆ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಬಿಎ ಪತ್ರಿಕೋದ್ಯಮ ಓದುತ್ತಿದ್ದೇನೆ, ಕೊನೆಯ ವರ್ಷ. ಊರು ಶಿರಾ ಹತ್ತಿರದ ಹಳ್ಳಿ. ಕಾಲೇಜಿನಿಂದ ನಮ್ಮ ಜಿಲ್ಲೆಯ ಒಂದು ಸಮುದಾಯ ರೇಡಿಯೋಗೆ (ಸುತ್ತಲಿನ ಊರುಗಳ ಜನರಿಗಾಗಿ, ಅವರ ಜೊತೆ ಸೇರಿ ನಡೆಸುವ ಸಣ್ಣ ರೇಡಿಯೋ) ಆರು ವಾರದ ಇಂಟರ್ನ್‌ಶಿಪ್ ಸಿಕ್ಕಿದೆ. ಸಿಕ್ಕಿದ ದಿನ ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು, "ನಮ್ಮ ಹುಡುಗಿ ರೇಡಿಯೋದಲ್ಲಿ ಮಾತಾಡ್ತಾಳೆ" ಅಂತ.

ಇವತ್ತಿಗೆ ಎರಡು ವಾರ. ಇದುವರೆಗೆ ನಾನು ಮಾಡಿದ ಕೆಲಸ: ಹಳೆಯ ಸಂದರ್ಶನಗಳನ್ನು ಕೇಳಿ ಯಾವ ನಿಮಿಷದಲ್ಲಿ ಯಾರು ಏನು ಹೇಳಿದರು ಅಂತ ಬರೆಯುವುದು, ಪ್ರಸಾರದ ಲೆಕ್ಕ ಇಡುವ ಲಾಗ್ ಪುಸ್ತಕ ತುಂಬುವುದು, ಕೇಬಲ್ ಸುತ್ತಿಡುವುದು, ಫೋನ್ ಎತ್ತುವುದು. ಒಂದು ದಿನ ನಾನೇ ಇಷ್ಟಪಟ್ಟು, ಹೆದ್ದಾರಿಯಲ್ಲಿ ಆದ ಬಸ್ ಅಪಘಾತದ ಬಗ್ಗೆ ಒಂದು ಪುಟ ಬರೆದುಕೊಂಡು ಹೋದೆ. ರೇಡಿಯೋದ ಸರ್ ಓದಿ, "ಇದು ಇಲ್ಲಿ ಆಗಲ್ಲಮ್ಮ" ಅಂದು ವಾಪಸ್ ಕೊಟ್ಟರು. ಯಾಕೆ ಅಂತ ಕೇಳುವಷ್ಟರಲ್ಲಿ ಅವರಿಗೆ ಪ್ರಸಾರದ ಹೊತ್ತಾಯಿತು, ಎದ್ದು ಹೋದರು.

ಅಮ್ಮ ದಿನಾ ಕೇಳುತ್ತಾರೆ, "ಯಾವಾಗ ಬರುತ್ತೆ ನಿನ್ನ ದನಿ?" ನನ್ನ ಹತ್ತಿರ ಉತ್ತರ ಇಲ್ಲ. ಈ ಕೆಲಸಗಳಿಂದ ಮುಂದೆ ಕೆಲಸಕ್ಕೆ ಸೇರುವಾಗ ಏನಾದರೂ ಉಪಯೋಗ ಇದೆಯಾ? ರೇಡಿಯೋದಲ್ಲಿ ಇದ್ದವರು ದಯವಿಟ್ಟು ಹೇಳಿ.

ಮಧುಗಿರಿ_ಬೆಟ್ಟ

ತಂಗಿ, ನಿನ್ನ ಪೋಸ್ಟ್ ಓದಿ ನನ್ನ 2016 ನೆನಪಾಯಿತು. ನಾನೂ ಹೀಗೇ ಒಂದು ರೇಡಿಯೋದಲ್ಲಿ ಎರಡು ತಿಂಗಳು ಇದ್ದೆ. ಈಗ ಬೆಂಗಳೂರಿನಲ್ಲಿ ಆಡಿಯೋ ಪುಸ್ತಕ ಮಾಡುವ ಕಡೆ ಕೆಲಸ. ನನಗೆ ಈ ಕೆಲಸ ಕೊಡಿಸಿದ್ದು ಮೈಕ್ ಮುಂದಿನ ಮಾತಲ್ಲ, ನೀನು ಈಗ ಬೇಸರದಿಂದ ಮಾಡುತ್ತಿರುವ ಆ ನಿಮಿಷ ಬರೆಯುವ ಕೆಲಸ.

ಯಾಕೆ ಅಂತ ಹೇಳುತ್ತೇನೆ. ನಲವತ್ತು ನಿಮಿಷದ ಸಂದರ್ಶನ ಕೇಳಿ, "12:40, ಬೋರ್‌ವೆಲ್ ಬತ್ತಿದ ವಿಷಯ, ದನಿ ಸ್ಪಷ್ಟ" ಅಂತ ನೀನು ಬರೆದಿಟ್ಟರೆ, ಎಡಿಟ್ ಮಾಡುವವರಿಗೆ ಅರ್ಧ ದಿನ ಉಳಿಯಿತು. ಬರೆಯುತ್ತಾ ಬರೆಯುತ್ತಾ ನಿನ್ನ ಕಿವಿಯೂ ಪಳಗುತ್ತದೆ. ಕೇಳಿದವರು ಎಲ್ಲಿ ಅಡ್ಡ ಬಾಯಿ ಹಾಕಿ ಒಳ್ಳೆಯ ಮಾತು ಕೆಡಿಸಿದರು, ಎಲ್ಲಿ ಎರಡು ಸೆಕೆಂಡ್ ಸುಮ್ನೆ ಇದ್ದಿದ್ದಕ್ಕೆ ಎದುರಿನವರು ಮನಸ್ಸು ಬಿಚ್ಚಿದರು, ಎಲ್ಲ ಗೊತ್ತಾಗುತ್ತದೆ. ನಾಳೆ ನೀನು ಪ್ರಶ್ನೆ ಕೇಳುವಾಗ ಆ ಎರಡು ಸೆಕೆಂಡ್ ನಿನಗೆ ನೆನಪಿರುತ್ತದೆ.

ಕೇಬಲ್ ವಿಷಯ. ಮೊಣಕೈಗೆ ಹಗ್ಗ ಸುತ್ತಿದ ಹಾಗೆ ಸುತ್ತಬೇಡ. ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಳ್ಳುತ್ತದೆ, ಕೆಲವು ತಿಂಗಳಲ್ಲಿ ಕರಕರ ಸದ್ದು ಶುರು. ಒಂದು ಸುತ್ತು ಮೇಲಿಂದ, ಮುಂದಿನ ಸುತ್ತು ಕೈ ಒಳಕ್ಕೆ ತಿರುಗಿಸಿ ಕೆಳಗಿಂದ, ಹೀಗೆ ಒಂದಾದ ಮೇಲೆ ಒಂದು. ಎಸೆದರೆ ಗಂಟಿಲ್ಲದೆ ನೇರ ಬಿಚ್ಚಿಕೊಳ್ಳಬೇಕು. ನನಗೆ ಇದು ಕೈಗೆ ಹತ್ತಲು ಒಂದು ವಾರ ಬೇಕಾಯಿತು. ಇವತ್ತು ಹೊಸಬರು ಯಾರಾದರೂ ಸ್ಟುಡಿಯೋಗೆ ಬಂದರೆ ನಾನು ಮೊದಲು ನೋಡುವುದು ಅವರ ದನಿಯನ್ನಲ್ಲ, ಕೆಲಸ ಮುಗಿದ ಮೇಲೆ ಕೇಬಲ್ ಹೇಗಿಟ್ಟರು ಅಂತ.

ಕೆಂಪುಮಣ್ಣು

ಮೇಲಿನ ಅಕ್ಕ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇನ್ನೊಂದು ಮಾತು ಹೇಳಲೇಬೇಕು. ಎಲ್ಲ ಕಡೆ ಇದು ಕಲಿಕೆ ಆಗಿರುವುದಿಲ್ಲ. ನಾನು ಬೇರೆ ಜಿಲ್ಲೆಯ ಒಂದು ಕಡೆ ಮೂರು ತಿಂಗಳು ಸಂಬಳ ಇಲ್ಲದೆ ದುಡಿದೆ. ಟೀ ತರುವುದು, ಜೆರಾಕ್ಸ್ ಮಾಡಿಸುವುದು, ಬ್ಯಾಂಕಿಗೆ ಹೋಗುವುದು. ಕೊನೆಗೆ ಪ್ರಮಾಣಪತ್ರಕ್ಕೂ ನಾಲ್ಕು ಸಲ ಅಲೆದಾಡಿಸಿದರು. ಮೂರು ತಿಂಗಳ ಬಸ್ ಖರ್ಚು ನಮ್ಮಪ್ಪ ಕೊಟ್ಟದ್ದು. ಅದು ಈಗಲೂ ನೋಯುತ್ತದೆ.

ನಿಮ್ಮ ವಿಷಯದಲ್ಲಿ ವ್ಯತ್ಯಾಸ ಇದೆ. ನಿಮಗೆ ಕೊಟ್ಟಿರುವುದು ರೇಡಿಯೋದ ಕೆಲಸವೇ. ಆದರೂ ಕೇಳಿ. "ಸರ್, ಉಳಿದ ನಾಲ್ಕು ವಾರದಲ್ಲಿ ಒಂದು ಕಾರ್ಯಕ್ರಮ ಮೊದಲಿಂದ ಕೊನೆವರೆಗೆ ನಾನೇ ಮಾಡಬೇಕು ಅಂತ ಆಸೆ, ಐದು ನಿಮಿಷದ್ದಾದರೂ ಸರಿ" ಅಂತ ಬಿಡಿಸಿ ಹೇಳಿ. ಮನಸ್ಸಿನಲ್ಲೇ ಇಟ್ಟುಕೊಂಡರೆ ಅವರಿಗೆ ಗೊತ್ತಾಗುವುದಿಲ್ಲ. ಅವರಿಗೂ ದಿನಾ ಪ್ರಸಾರ ನಡೆಸುವ ಒತ್ತಡ ಇರುತ್ತದೆ.

ಮೈಕ್_ಹಿಂದಿನ_ಕೈ

ನಾನು ಸಮುದಾಯ ರೇಡಿಯೋದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ಕಾರ್ಯಕ್ರಮ ಮಾಡುವುದೂ ಮಕ್ಕಳಿಗೆ ಕಲಿಸುವುದೂ ಎರಡೂ. ಬಸ್ ಅಪಘಾತದ ಬರಹ ಯಾಕೆ ವಾಪಸ್ ಬಂತು ಅಂತ ನಾನು ಹೇಳುತ್ತೇನಮ್ಮ. ನಿನ್ನ ಬರಹದಲ್ಲಿ ತಪ್ಪಿರಲಿಕ್ಕಿಲ್ಲ. ನಮ್ಮ ದೇಶದಲ್ಲಿ ಸಮುದಾಯ ರೇಡಿಯೋ ತನ್ನದೇ ಸುದ್ದಿ ಪ್ರಸಾರ ಮಾಡುವ ಹಾಗಿಲ್ಲ. ಖಾಸಗಿ ಎಫ್‌ಎಂಗೂ ಅಷ್ಟೇ. ಬೇಕಿದ್ದರೆ ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು. ಆದರೆ ನೀರು ಬಿಡುವ ಹೊತ್ತು, ಕರೆಂಟ್ ತೆಗೆಯುವ ವಿಷಯ, ಮಳೆ ಮುನ್ಸೂಚನೆ, ಪರೀಕ್ಷೆ ಫಲಿತಾಂಶ, ಕಾಲೇಜು ಪ್ರವೇಶ, ಟ್ರಾಫಿಕ್, ಇವು ಸುದ್ದಿ ಅಲ್ಲ, ಮಾಹಿತಿ. ಇವನ್ನು ಹೇಳಬಹುದು. "ಅಪಘಾತ ಆಗಿದೆ, ಇಷ್ಟು ಜನ ಸತ್ತರು" ಅನ್ನುವುದು ಸುದ್ದಿ. "ಆ ರಸ್ತೆ ಮುಚ್ಚಿದೆ, ಈ ಕಡೆಯಿಂದ ಹೋಗಿ" ಅನ್ನುವುದು ಮಾಹಿತಿ. ಈ ಗೆರೆ ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಹೇಳಬೇಕಾದದ್ದು. ಹೇಳದೆ ಹೋದದ್ದು ದೊಡ್ಡವರ ಕಡೆಯ ಕೊರತೆ.

ಲಾಗ್ ಪುಸ್ತಕವೂ ಬರೀ ಗುಮಾಸ್ತಿಕೆ ಅಲ್ಲ. ಪ್ರಸಾರ ಆದ ಪ್ರತಿ ಕಾರ್ಯಕ್ರಮವನ್ನೂ ಮೂರು ತಿಂಗಳು ಕಾಪಾಡಿ ಇಡಬೇಕು ಅಂತ ನಿಯಮವೇ ಇದೆ. ನಾಳೆ ಯಾರಾದರೂ "ನಿಮ್ಮ ರೇಡಿಯೋದಲ್ಲಿ ಹೀಗೆ ಹೇಳಿದಿರಿ" ಅಂತ ಬಂದರೆ, ನೀನು ಬರೆದ ದಿನಾಂಕ ಮತ್ತು ಹೊತ್ತು ನೋಡಿಯೇ ನಾವು ಆ ಫೈಲ್ ತೆಗೆಯುವುದು. ಅದಕ್ಕೇ ಫೈಲ್‌ಗೆ "ಹೊಸದು", "ಹೊಸದು 2", "ಫೈನಲ್", "ಫೈನಲ್ ಫೈನಲ್" ಅಂತ ಹೆಸರಿಡಬೇಡ. ವರ್ಷ, ತಿಂಗಳು, ದಿನ, ಆಮೇಲೆ ಕಾರ್ಯಕ್ರಮ, ಊರು. ಹೀಗಿಟ್ಟರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ.

ಇನ್ನೂ ಒಂದು. ರೇಡಿಯೋ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಮೊದಲು 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಅವಕಾಶ ಆಯಿತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ನೀನು ಈಗ ಕೂತಿರುವ ಕುರ್ಚಿ ಇಷ್ಟು ವರ್ಷ ಜನ ಕೇಳಿ ಕೇಳಿ ಪಡೆದದ್ದು. ಅಲ್ಲಿ ಕೂತು ಫೋನ್ ಎತ್ತುವುದೂ ಸಣ್ಣ ಕೆಲಸ ಅಲ್ಲ. ಫೋನ್ ಮಾಡಿದವರ ಹೆಸರು, ಊರು, ಏನು ಹೇಳಬೇಕು ಅಂತ ಮೂರು ಸಾಲು ಬರೆದುಕೊ. "ನಿಮ್ಮ ರೇಡಿಯೋ ಸೌಂಡ್ ಕಡಿಮೆ ಮಾಡಿ" ಅಂತ ಮೊದಲೇ ಹೇಳು, ಇಲ್ಲದಿದ್ದರೆ ಕುಯ್ಯ್ ಅಂತ ಸದ್ದು ಬರುತ್ತದೆ. ಕಾಯಿಸುವ ಹಾಗಿದ್ದರೆ ಎಷ್ಟು ಹೊತ್ತು ಅಂತ ಹೇಳು. ಇದನ್ನು ಕಲಿತವರು ಆಸ್ಪತ್ರೆಗೆ ಹೋದರೂ ಬ್ಯಾಂಕಿಗೆ ಹೋದರೂ ಕೆಲಸ ಮಾಡಬಲ್ಲರು.

ಬಂಗಾರಪೇಟೆ_ಹುಡುಗ

ನಾನೂ ಇದೇ ವರ್ಷ ಇಂಟರ್ನ್‌ಶಿಪ್ ಮುಗಿಸಿದೆ. ನನ್ನ ಭಯ ಬೇರೆ ಇತ್ತು. ನಮ್ಮ ಮನೆ ಮಾತು ತೆಲುಗು. ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಆದರೂ ಮೈಕ್ ಮುಂದೆ ಕೂತರೆ ನನ್ನ ಕನ್ನಡ ಸರಿ ಇಲ್ಲ ಅಂತ ನಾಲಿಗೆ ಒಣಗುತ್ತಿತ್ತು. ಮೊದಲ ಸಲ ಓದಿದಾಗ ಪುಸ್ತಕದ ಭಾಷೆಯಲ್ಲಿ ಒಂದೇ ಉಸಿರಿಗೆ ಓದಿದೆ. ಮೇಡಂ ಕೇಳಿಸಿಕೊಂಡು ಹೇಳಿದರು, "ನಿಮ್ಮಜ್ಜಿ ಎದುರಿಗೆ ಕೂತಿದ್ದಾರೆ ಅಂದ್ಕೊ. ಅವರಿಗೆ ಹೇಳು."

ಆಮೇಲೆ ಒಂದು ದಿನ ಕೋಲಾರದ ಟೊಮೆಟೊ ಮಂಡಿಗೆ ಹೋದೆವು. ಹದಿನೈದು ಕೆಜಿಯ ಬಾಕ್ಸ್‌ಗಳನ್ನು ಲಾರಿಗೆ ಎತ್ತುವವರ ಹತ್ತಿರ ಮಾತಾಡಬೇಕಿತ್ತು. ಅವರಲ್ಲಿ ಜಾಸ್ತಿ ಜನ ತೆಲುಗಿನವರು. ಮೇಡಂಗೆ ತೆಲುಗು ಬರುತ್ತಿರಲಿಲ್ಲ. ನಾನೇ ಕೇಳಿದೆ, ನಾನೇ ಕನ್ನಡಕ್ಕೆ ತಂದೆ. ಕಾರ್ಯಕ್ರಮದಲ್ಲಿ ಅವರ ತೆಲುಗು ದನಿ ಮೊದಲು ಎರಡು ಸಾಲು, ಅದು ಮೆಲ್ಲಗೆ ಇಳಿಯುತ್ತಿದ್ದಂತೆ ನನ್ನ ಕನ್ನಡ. ಸಮುದಾಯ ರೇಡಿಯೋದಲ್ಲಿ ಕಡೇಪಕ್ಷ ಅರ್ಧ ಕಾರ್ಯಕ್ರಮ ಆ ಜಾಗದ ಜನರ ಜೊತೆ ಸೇರಿ ಮಾಡಿದ್ದಿರಬೇಕು, ಅವರ ಮಾತಿನಲ್ಲೇ ಇದ್ದರೆ ಒಳ್ಳೆಯದು ಅಂತ ಸರ್ಕಾರದ ನೀತಿಯಲ್ಲೇ ಇದೆಯಂತೆ. ಇಷ್ಟು ದಿನ ನಾನು ಅಡಗಿಸಿಟ್ಟಿದ್ದ ಮನೆ ಮಾತೇ ಅವತ್ತು ಎಲ್ಲರಿಗೂ ಬೇಕಾಯಿತು.

ನಮ್ಮ ತಾಲ್ಲೂಕಿನ ಬೂದಿಕೋಟೆಯಲ್ಲಿ "ನಮ್ಮ ಧ್ವನಿ" ಅನ್ನುವ ಸಮುದಾಯ ರೇಡಿಯೋ ಶುರುವಾದಾಗ ಹಳ್ಳಿಯವರಿಗೆ ರೇಡಿಯೋ ಪರವಾನಗಿ ಸಿಗುತ್ತಿರಲಿಲ್ಲ. ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಕೇಳಿಸುತ್ತಿದ್ದರು. ಮಾಡುತ್ತಿದ್ದವರು ಹಳ್ಳಿಯ ಹುಡುಗರು, ಸ್ವಸಹಾಯ ಸಂಘದ ಹೆಂಗಸರು. ನಮ್ಮ ದೊಡ್ಡಮ್ಮ ಇವತ್ತಿಗೂ ಆ ಕಾಲದ ಮಾತಾಡುತ್ತಾರೆ. ಅವರಿಗೆಲ್ಲ ಯಾವ ಡಿಗ್ರಿ ಇತ್ತು ಹೇಳಿ?

ಮಧುಗಿರಿ_ಬೆಟ್ಟ

ಬಂಗಾರಪೇಟೆ ತಮ್ಮ, ಚೆನ್ನಾಗಿ ಹೇಳಿದೆ. ನಮ್ಮ ಕಡೆಯವರಿಗೆ ಹಕಾರ ಅಕಾರದ್ದು ತೊಂದರೆ. ನಾನು "ಹಾಲು" ಅನ್ನಲು ಹೋಗಿ "ಆಲು" ಅನ್ನುತ್ತಿದ್ದೆ. ದಿನಾ ಹತ್ತು ನಿಮಿಷ ಪತ್ರಿಕೆ ಜೋರಾಗಿ ಓದಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ, ನಾನೇ ಕೇಳಿ ತಿದ್ದಿಕೊಂಡೆ. ಓದುವ ವೇಗವನ್ನೂ ಹಾಗೇ ಅಳೆದುಕೊಳ್ಳಿ. ಒಂದು ನಿಮಿಷಕ್ಕೆ ಎಷ್ಟು ಪದ ಓದುತ್ತೀರಿ ಅಂತ ಗೊತ್ತಿದ್ದರೆ, "ಎರಡು ನಿಮಿಷಕ್ಕೆ ಬರೆದುಕೊಡು" ಅಂದಾಗ ಲೆಕ್ಕ ತಪ್ಪುವುದಿಲ್ಲ.

ಶಿರಾ ತಂಗಿ, ಬರೆಯುವಾಗ ಇನ್ನೊಂದು ನೆನಪಿಡು. ಪತ್ರಿಕೆ ಓದುವವರು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗಬಹುದು. ರೇಡಿಯೋ ಕೇಳುವವರಿಗೆ ಹಿಂದೆ ಹೋಗಲು ಆಗಲ್ಲ. ಒಂದು ಸಾಲಿಗೆ ಒಂದೇ ವಿಷಯ. ಅಂಕಿಗಳನ್ನು ದುಂಡು ಮಾಡು. "4,875 ರೂಪಾಯಿ" ಬೇಡ, "ಹತ್ತಿರ ಹತ್ತಿರ ಐದು ಸಾವಿರ" ಸಾಕು.

ಹುಳಿಯಾರು_ತೆಂಗು

ನಾನು ರೇಡಿಯೋದವನಲ್ಲ, ಕೇಳುವವನು. ತೋಟದಲ್ಲಿ ಕೆಲಸ ಮಾಡುವಾಗ ಜೇಬಿನಲ್ಲಿ ರೇಡಿಯೋ ಹಾಡುತ್ತಲೇ ಇರುತ್ತದೆ.

ಅಕ್ಕನ ಮಾತಿಗೆ ಒಂದು ತಿದ್ದುಪಡಿ. ಬೇರೆ ಅಂಕಿ ಏನಾದರೂ ಮಾಡಿ, ಪೇಟೆ ಧಾರಣೆ ಮಾತ್ರ ದುಂಡು ಮಾಡಬೇಡಿ. ನಾವು ಉಂಡೆ ಕೊಬ್ಬರಿಗೆ ಅಂತ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಟ್ಟು ಕಾಯುತ್ತೇವೆ. ತಿಪಟೂರಿನಲ್ಲಿ ಕ್ವಿಂಟಲ್‌ಗೆ ನೂರು ರೂಪಾಯಿ ಹೆಚ್ಚುಕಮ್ಮಿ ಅಂದರೆ ಹತ್ತು ಕ್ವಿಂಟಲ್‌ಗೆ ಸಾವಿರ ರೂಪಾಯಿ. ಅದು ಒಂದು ದಿನದ ಆಳಿನ ಕೂಲಿಗೆ ಆಗುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿ, ನಿಧಾನಕ್ಕೆ ಹೇಳಿ, ಎರಡು ಸಲ ಹೇಳಿ. ಯಾವ ದಿನದ ಧಾರಣೆ ಅಂತಲೂ ಹೇಳಿ. ನಿನ್ನೆಯದನ್ನು ಇವತ್ತಿನದು ಅಂದುಕೊಂಡು ಗಾಡಿ ಕಟ್ಟಿಕೊಂಡು ಹೋದವರು ನಮ್ಮೂರಲ್ಲಿದ್ದಾರೆ.

ಮಗಳೇ, ನೀನು ಮೈಕ್ ಮುಂದೆ ಕೂತಾಗ ಕೇಳುವವನು ಕೈಯಲ್ಲಿ ಪೆನ್ನು ಇಲ್ಲದೆ, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತಿರುತ್ತಾನೆ. ಅಷ್ಟು ಗೊತ್ತಿದ್ದರೆ ಸಾಕು.

ಮಧುಗಿರಿ_ಬೆಟ್ಟ

ಅಣ್ಣಾ, ನೀವು ಹೇಳಿದ್ದೇ ಸರಿ. ನನ್ನ ಸಲಹೆ ಧಾರಣೆಗೆ ಹೊಂದುವುದಿಲ್ಲ. ತಂಗಿ, ಅಣ್ಣನ ಮಾತು ಬರೆದಿಟ್ಟುಕೊ.

ಪಾಠದ_ಮನೆ

ನಾನು ಪತ್ರಿಕೋದ್ಯಮ ಕಲಿಸುತ್ತೇನೆ. ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ವರದಿಯನ್ನು ಕೊನೆಯ ರಾತ್ರಿ ಕೂತು ಬರೆಯುತ್ತಾರೆ, ಅದರಲ್ಲಿ "ತುಂಬಾ ಕಲಿತೆನು" ಅನ್ನುವುದು ಬಿಟ್ಟು ಏನೂ ಇರುವುದಿಲ್ಲ. ದಿನಾ ಬಸ್‌ನಲ್ಲಿ ವಾಪಸ್ ಹೋಗುವಾಗ ನಾಲ್ಕು ಸಾಲು ಬರೆದುಕೊಳ್ಳಮ್ಮ. ಇವತ್ತು ಏನು ಮಾಡಿದೆ, ಏನು ತಪ್ಪಾಯಿತು, ಯಾರು ಹೇಗೆ ಸರಿ ಮಾಡಿದರು. ಮುಂದೆ ಸಂದರ್ಶನದಲ್ಲಿ "ಒಂದು ತಪ್ಪು ಮಾಡಿದ್ದು ಹೇಳಿ" ಅಂತ ಕೇಳಿದಾಗ ಹೇಳಲು ಇದೇ ಬೇಕಾಗುತ್ತದೆ.

ಮೈಸೂರಿನಲ್ಲಿ 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ರೇಡಿಯೋ ಅವರ ಪಾಠದ ವಿಷಯವೇ ಅಲ್ಲ. ಮಾಡುತ್ತಲೇ ಕಲಿತ ಕೆಲಸ ಇದು. ನನ್ನ ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನಗೇ ಹುರುಪು ಬರುತ್ತದೆ.

ಶಿರಾ_ಸೀಮೆ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮೆಲ್ಲರ ಮಾತನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಕೆಂಪುಮಣ್ಣು ಹೇಳಿದ ಹಾಗೆ ಸರ್ ಹತ್ತಿರ ಬಾಯಿ ಬಿಟ್ಟು ಕೇಳಿದೆ. ಅವರು ತಕ್ಷಣ ಒಪ್ಪಿದರು! "ನೀನು ಕೇಳಲಿ ಅಂತಲೇ ಇದ್ದೆ" ಅಂದರು. ಈಗ ಹುಣಸೆ ಕಾಲ ಅಲ್ವಾ, ಅದರ ಮೇಲೆ ಆರು ನಿಮಿಷದ ಕಾರ್ಯಕ್ರಮ ಮಾಡು ಅಂದರು. ಹುಣಸೆ ಬಡಿದು ಬೀಜ ಬಿಡಿಸುವ ಒಬ್ಬ ಅಜ್ಜಿ ಹತ್ತಿರ ಹೋದೆ. ಚಿಕ್ಕ ರೆಕಾರ್ಡರ್, ಗಾಳಿಗೆ ಅಡ್ಡವಾಗಿ ಅದರ ತಲೆಗೆ ಸ್ಪಂಜಿನ ಟೋಪಿ, ಹೆಡ್‌ಫೋನ್ ಎಲ್ಲ ಕೊಟ್ಟಿದ್ದರು.

ಅಜ್ಜಿ ದನಿ ತುಂಬಾ ಮೆತ್ತಗೆ. ಅದಕ್ಕೆ ರೆಕಾರ್ಡಿಂಗ್ ಮಟ್ಟ ಏರಿಸಿದೆ. ಹೆಡ್‌ಫೋನ್ ಹಾಕಿಕೊಂಡರೆ ಅಜ್ಜಿಗೆ ಮುಜುಗರ ಆಗಬಹುದು ಅಂತ ಕುತ್ತಿಗೆಗೆ ಇಳಿಸಿಕೊಂಡೆ. ಅಲ್ಲೇ ತಪ್ಪಿದ್ದು. ಅವರು ಮಾತಾಡುತ್ತಾ ಕೊಡತಿ ಎತ್ತಿ ಬಡಿಯಲು ಶುರು ಮಾಡಿದರು. ಸುತ್ತ ಇದ್ದ ನಾಲ್ಕೈದು ಹೆಂಗಸರೂ ಬಡಿಯುತ್ತಿದ್ದರು. ನಾನು ಅವರ ಮಾತಿನಲ್ಲೇ ಮುಳುಗಿಬಿಟ್ಟೆ. ಗಂಡ ಸತ್ತ ವರ್ಷ, ಇದೇ ಕೆಲಸದಿಂದ ಮಗಳ ಮದುವೆ ಮಾಡಿದ್ದು, ಹುಣಸೆ ಹುಳಿಗೆ ಬೆರಳ ತುದಿ ಸೀಳಿ ಅನ್ನ ಕಲಸಿದರೆ ಉರಿಯುವುದು, ಎಲ್ಲ ಹೇಳಿದರು. ಇಪ್ಪತ್ತೆರಡು ನಿಮಿಷ. ಬಸ್ ಸ್ಟ್ಯಾಂಡಿಗೆ ನಡೆಯುತ್ತಾ ಕೇಳಿದರೆ ಪ್ರತಿ ಪೆಟ್ಟಿಗೂ ದನಿ ಒಡೆದು ಚರ್ರ್ ಅನ್ನುತ್ತಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.

ಸಂಜೆ ಹೋಗಿ ಏನಾದರೂ ನೆಪ ಹೇಳೋಣ ಅನ್ನಿಸಿತು. ಹೇಳಲಿಲ್ಲ. ಬಸ್ ಸ್ಟ್ಯಾಂಡಿನಿಂದಲೇ ಸರ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. "ಈಗಲೇ ಹೇಳಿದೆಯಲ್ಲ, ಒಳ್ಳೇದಾಯ್ತು. ಗುರುವಾರದ ಜಾಗಕ್ಕೆ ಬೇರೆ ಹಾಕ್ತೀನಿ. ನಾಳೆ ಮತ್ತೆ ಹೋಗು" ಅಂದರು. ಗುರುವಾರ ಬೆಳಿಗ್ಗೆ ಹೇಳಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಯೋಚಿಸಿ ನಡುಗಿದೆ.

ಮೈಕ್_ಹಿಂದಿನ_ಕೈ

ಮಗಳೇ, ನೀನು ಬಸ್ ಸ್ಟ್ಯಾಂಡಿನಿಂದ ಮಾಡಿದ ಆ ಫೋನ್‌ಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಹನ್ನೆರಡು ವರ್ಷದಲ್ಲಿ ತಪ್ಪು ಮಾಡದ ಮಕ್ಕಳನ್ನು ನಾನು ನೋಡಿಲ್ಲ. ಬೇಗ ಹೇಳುವವರನ್ನು ಕೆಲವರನ್ನೇ ನೋಡಿದ್ದೇನೆ.

ಮತ್ತೆ ಹೋದಾಗ ಹೀಗೆ ಮಾಡು. ಮಾತು ಬೇರೆ, ಸದ್ದು ಬೇರೆ ತೆಗೆದುಕೊ. ಅಜ್ಜಿಯನ್ನು ಸ್ವಲ್ಪ ದೂರ, ನೆರಳಿಗೆ ಕರೆದು ಕೂರಿಸು. ರೆಕಾರ್ಡರ್ ಬಾಯಿಂದ ಒಂದು ಗೇಣು ದೂರ, ನೇರ ಎದುರಿಗೆ ಬೇಡ, ಸ್ವಲ್ಪ ಪಕ್ಕಕ್ಕೆ. ಜೋರು ಮಾತಿಗೂ ರೆಕಾರ್ಡರ್‌ನಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳು ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಟ್ಟುಕೊ. ಸೊನ್ನೆ ಮುಟ್ಟಿದರೆ ಒಡೆದ ದನಿಯನ್ನು ಯಾವ ಸಾಫ್ಟ್‌ವೇರ್‌ನಲ್ಲೂ ಪೂರ್ತಿ ಸರಿ ಮಾಡಲು ಆಗಲ್ಲ. ಕಡಿಮೆ ಇದ್ದರೆ ಆಮೇಲೆ ಏರಿಸಬಹುದು. ಮಾತು ಮುಗಿದ ಮೇಲೆ ಮಟ್ಟ ಇಳಿಸಿ, ಕೊಡತಿ ಸದ್ದು ಎರಡು ನಿಮಿಷ ಬೇರೆಯಾಗಿ ತೆಗೆ. ಯಾರೂ ಮಾತಾಡದ ಆ ಜಾಗದ ಬರೀ ಸದ್ದು ಅರ್ಧ ನಿಮಿಷ ತೆಗೆ, ಎಡಿಟ್‌ನಲ್ಲಿ ಎರಡು ತುಂಡು ಜೋಡಿಸುವಾಗ ನಡುವೆ ಹಾಸಲು ಬೇಕು. ಹೆಡ್‌ಫೋನ್ ಅಜ್ಜಿಗೂ ಒಂದು ನಿಮಿಷ ಹಾಕಿ ಕೇಳಿಸು, ಮುಜುಗರ ಹೋಗುತ್ತದೆ.

ಗಂಡ ಸತ್ತ ವಿಷಯ, ಮಗಳ ಮದುವೆಯ ವಿಷಯ ಪ್ರಸಾರ ಮಾಡಬಹುದಾ ಅಂತ ಅವರನ್ನೇ ಕೇಳು. ಬೇಡ ಅಂದರೆ ಬಿಟ್ಟುಬಿಡು, ಎಷ್ಟೇ ಚೆನ್ನಾಗಿದ್ದರೂ.

ಶಿರಾ_ಸೀಮೆ

ಪ್ರಸಾರ ಆಯಿತು! ನಿನ್ನೆ ಸಂಜೆ.

ಎರಡನೇ ಸಲ ಹೋದಾಗ ಅಜ್ಜಿ ಮೊದಲ ದಿನ ಹೇಳಿದ್ದನ್ನೇ ಹೇಳಲಿಲ್ಲ. ಗಂಡನ ಮಾತು ಬೇಡ ಅಂದರು. ನನಗೆ ಆ ಭಾಗವೇ ಇಷ್ಟ ಆಗಿತ್ತು, ಆದರೂ ಬಿಟ್ಟೆ. ಬದಲಿಗೆ ಹಣ್ಣು ಮುರಿದು ಒಳಗಿನ ಬಣ್ಣ, ನಾರು, ಪಸೆ ನೋಡಿ ಯಾವುದು ಒಳ್ಳೆಯ ಮಾಲು ಅಂತ ಹೇಗೆ ಹೇಳುತ್ತಾರೆ ಅಂತ ತೋರಿಸಿಕೊಟ್ಟರು. ಅದೇ ಕಾರ್ಯಕ್ರಮದ ಹೃದಯ ಆಯಿತು. ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ನಾನೇ ಎಡಿಟ್ ಮಾಡಿದೆ. ಗಾಳಿ ಸದ್ದು ತೆಗೆಯಲು ಹೋಗಿ ಮೊದಲು ಜಾಸ್ತಿ ತೆಗೆದುಬಿಟ್ಟೆ, ಅಜ್ಜಿ ನೀರೊಳಗಿಂದ ಮಾತಾಡಿದ ಹಾಗೆ ಕೇಳಿಸಿತು. ಸರ್ ಪಕ್ಕದಲ್ಲಿ ಕೂತು ಅರ್ಧಕ್ಕೆ ಇಳಿಸಿದರು. ಧಾರಣೆಯನ್ನು ದಿನದ ಸಮೇತ ಎರಡು ಸಲ ಓದಿದೆ, ಹುಳಿಯಾರು ಅಣ್ಣ ಹೇಳಿದ ಹಾಗೆ.

ನಮ್ಮ ಊರಿಗೆ ಈ ರೇಡಿಯೋ ಎಟುಕುವುದಿಲ್ಲ. ಟ್ರಾನ್ಸ್‌ಮಿಟರ್ 50 ವ್ಯಾಟ್ ಅಷ್ಟೇ, ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ಕಷ್ಟ. ಅಮ್ಮನಿಗೆ ಆಮೇಲೆ ಫೋನ್‌ನಲ್ಲಿ ಕೇಳಿಸಿದೆ. ಪ್ರಸಾರದ ಹೊತ್ತಿಗೆ ನಾನು ಅಜ್ಜಿ ಹತ್ತಿರ ಹೋದೆ. ಅವರ ಮೊಮ್ಮಗನ ಕೀಪ್ಯಾಡ್ ಫೋನ್‌ನಲ್ಲಿ ಎಫ್‌ಎಂ ಇತ್ತು. ಇಯರ್‌ಫೋನ್ ತಂತಿ ಚುಚ್ಚಿದರೇನೇ ಸ್ಟೇಷನ್ ಸಿಗುವುದು, ಆ ತಂತಿಯೇ ಅದಕ್ಕೆ ಆಂಟೆನಾ ಅಂತೆ. ಒಂದು ಕಿವಿ ಅಜ್ಜಿಗೆ, ಒಂದು ಕಿವಿ ಮೊಮ್ಮಗನಿಗೆ. ನಾನು ಸುಮ್ನೆ ಅವರ ಮುಖ ನೋಡುತ್ತಾ ಕೂತೆ. ಮುಗಿಯುವವರೆಗೆ ಅಜ್ಜಿ ಕೈಯಲ್ಲಿದ್ದ ಹುಣಸೆ ಹಣ್ಣು ಹಾಗೇ ಇತ್ತು, ಬಿಡಿಸಲೇ ಇಲ್ಲ.

ಮುಗಿದ ಮೇಲೆ ತಂತಿ ತೆಗೆದು ಹೇಳಿದರು, "ಮಾತು ನಂದೇ ಕಣವ್ವ. ಕೊಡತಿ ಸದ್ದು ನಂದಲ್ಲ. ಅದು ಆ ಕಡೆ ಕುಂತೋಳ್ದು. ಅವಳು ಎರಡು ಏಟು ಜೋರಾಗಿ ಹಾಕಿ ಒಂದು ಮೆತ್ತಗೆ ಹಾಕ್ತಾಳೆ."

ಇವತ್ತು ಬೆಳಿಗ್ಗೆ ಹೋದ ತಕ್ಷಣ ಫೈಲ್ ತೆರೆದು ನೋಡಿದೆ. ಹೌದು, ಎರಡು ಜೋರು, ಒಂದು ಮೆತ್ತಗೆ. ಲಾಗ್‌ನಲ್ಲಿ "ಅಜ್ಜಿಯ ಕೊಡತಿ ಸದ್ದು" ಅಂತ ನಾನೇ ಬರೆದಿದ್ದೆ. ಅದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಕೂತವರ ಹೆಸರು ಕೇಳಿಕೊಂಡು ಬಂದಿದ್ದನ್ನು ಬರೆದೆ. ನಾಳೆ ಅವರ ಹತ್ತಿರ ಹೋಗಿ, ಅವರ ಸದ್ದು ಬಳಸಿದ್ದಕ್ಕೆ ಒಪ್ಪಿಗೆ ಕೇಳಬೇಕು.